ತಿಪ್ಪೆಯ ಬೆಲೆ ತಿಳಿಸಿದ ಸರ್ ಆಲ್ಬರ್ಟ್ ಹೋವರ್ಡ್

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಅಧ್ಯಕ್ಷರು ಹೇಳಿದಾಗ ನಾನು ಮೊದಲು ಹಿಂಜರಿದೆ. ಎಸ್.ಎಸ್.ಎಲ್.ಸಿ. ತನಕ ಓದಿ ಆಮೇಲೆ ರಂಟೆ ಹಿಡಿದವನು ನಾನು. ಬರೆಯೋದು ರೂಢಿ ಇಲ್ಲ. ಆದರೂ ಹಿರಿಯರ ಮಾತು ಮೀರಬಾರದು ಎಂದು ಒಬ್ಬ ದೊಡ್ಡ ಮನುಷ್ಯರ ಜೀವನದ ಬಗ್ಗೆ ನಾಲ್ಕು ಮಾತು ಬರೆಯಲು ಕುಳಿತಿದ್ದೇನೆ. ತಪ್ಪಿದ್ದರೆ ಓದುಗರು ತಿದ್ದಿಕೊಂಡು ಓದಬೇಕು.

ಸಹಕಾರದ ವಿಷಯ ಬಂದರೆ ಗದಗ ಹತ್ತಿರದ ಕಣಗಿನಹಾಳವನ್ನು ಮೊದಲು ನೆನೆಯುವುದು ನಮ್ಮ ಪದ್ಧತಿ. 1905 ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅವರ ಬಗ್ಗೆ ಈ ಸಂಚಿಕೆಯಲ್ಲಿ ಬೇರೆಯವರು ಬರೆಯಬಹುದು. ಅದೇ 1905 ರಲ್ಲಿ ಇನ್ನೊಬ್ಬರು ಇಂಗ್ಲೆಂಡಿನಿಂದ ಹಡಗು ಹತ್ತಿ ಮುಂಬಯಿಗೆ ಬಂದು ಇಳಿದರು. ಅವರೇ ಆಲ್ಬರ್ಟ್ ಹೋವರ್ಡ್. ಸಿದ್ದನಗೌಡರು ರೈತನಿಗೆ ಸಾಲ ಸಿಗುವ ದಾರಿ ಮಾಡಿದರೆ, ಹೋವರ್ಡ್ ಸಾಹೇಬರು ರೈತನ ಭೂಮಿ ಸಾಲಗಾರ ಆಗದಂತೆ ನೋಡಿಕೊಳ್ಳುವ ದಾರಿ ಹೇಳಿದರು. ಇಂದು ಸಾವಯವ ಕೃಷಿ ಎಂದು ಎಲ್ಲರೂ ಮಾತಾಡುತ್ತಾರಲ್ಲ, ಅದಕ್ಕೆ ಬುನಾದಿ ಹಾಕಿದವರಲ್ಲಿ ಇವರು ಮುಖ್ಯರು. ಆ ಬುನಾದಿಯ ಕಲ್ಲು ಸಿಕ್ಕಿದ್ದು ನಮ್ಮ ದೇಶದ ರೈತರ ಹೊಲದಲ್ಲಿ, ದನದ ಕೊಟ್ಟಿಗೆಯಲ್ಲಿ.

ಇವರ ವಿಷಯವೇ ಯಾಕೆ ಎಂದು ಕೇಳಬಹುದು. ಹೋದ ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ನಾನು ಹೊಲದಿಂದ ಬರುವಾಗ ರಸ್ತೆಯ ಎರಡೂ ಬದಿಗೆ ಗೋವಿನಜೋಳದ ಸೊಪ್ಪೆಗೆ ಬೆಂಕಿ ಹಚ್ಚಿದ್ದರು. ಮುಂದೆ ಮೃಗಶಿರಾ ಮಳೆ ಹೊತ್ತಿಗೆ ಅದೇ ಹೊಲದವರು ನಮ್ಮ ಸಂಘದ ಗೋದಾಮಿನ ಮುಂದೆ ಯೂರಿಯಾ ಚೀಲಕ್ಕೆ ಪಾಳಿ ಹಚ್ಚಿ ನಿಂತಿದ್ದರು. ಆ ಪಾಳಿಯಲ್ಲಿ ನಾನೂ ಇದ್ದೆ, ಸುಳ್ಳು ಹೇಳುವುದಿಲ್ಲ. ಸುಟ್ಟಿದ್ದು ಏನು, ಕೊಂಡಿದ್ದು ಏನು ಎಂದು ಯೋಚನೆ ಮಾಡುವಾಗ ಈ ಸಾಹೇಬರು ನೆನಪಾದರು.

ಒಕ್ಕಲುತನದ ಮನೆಯ ಹುಡುಗ

ಆಲ್ಬರ್ಟ್ ಹೋವರ್ಡ್ ಹುಟ್ಟಿದ್ದು 1873 ರ ಡಿಸೆಂಬರ್ 8 ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್ ಎಂಬ ಜಿಲ್ಲೆಯ ಬಿಷಪ್ಸ್ ಕ್ಯಾಸಲ್ ಎಂಬ ಸಣ್ಣ ಊರಲ್ಲಿ. ತಂದೆ ಒಕ್ಕಲಿಗರು. ದನ, ಗೊಬ್ಬರ, ಹುಲ್ಲು, ಕಾಳು ಇವುಗಳ ನಡುವೆಯೇ ಬೆಳೆದ ಹುಡುಗ. ಓದಿನಲ್ಲಿ ಬಲು ಚುರುಕು. ಲಂಡನ್ನಿನಲ್ಲಿ ವಿಜ್ಞಾನ ಓದಿ, ಮುಂದೆ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮೊದಲ ದರ್ಜೆಯಲ್ಲಿ ಪಾಸಾದರು.

1899 ರಲ್ಲಿ ಅವರಿಗೆ ವೆಸ್ಟ್ ಇಂಡೀಸ್‌ನಲ್ಲಿ ನೌಕರಿ ಸಿಕ್ಕಿತು. ಬಾರ್ಬಡೋಸ್ ದ್ವೀಪದಲ್ಲಿ ಕಬ್ಬು ಮೊದಲಾದ ಬೆಳೆಗಳಿಗೆ ಬರುವ ಬೂಷ್ಟು ರೋಗಗಳನ್ನು ಪರೀಕ್ಷೆ ಮಾಡುವುದು ಕೆಲಸ. ಅಲ್ಲಿಯೇ ಅವರಿಗೆ ಒಂದು ಕೊರಗು ಹತ್ತಿತು. ರೋಗ ಹಿಡಿದ ಎಲೆ ಕೊಠಡಿಗೆ ಬರುತ್ತದೆ, ಗಾಜಿನಲ್ಲಿ ನೋಡಿ ಔಷಧ ಬರೆದುಕೊಡಬೇಕು. ಆದರೆ ತಾವು ಹೇಳುವ ಔಷಧವನ್ನು ಮೊದಲು ತಾವೇ ಬೆಳೆದು ನೋಡಲು ತಮಗೆ ಒಂದು ಗುಂಟೆ ಭೂಮಿಯೂ ಇಲ್ಲ. ಬೆಳೆ ಬೆಳೆಯದವನು ಬೆಳೆಯುವವನಿಗೆ ಬುದ್ಧಿ ಹೇಳುವುದು ಯಾವ ನ್ಯಾಯ ಎಂಬ ಪ್ರಶ್ನೆ ಅವರನ್ನು ಕಾಡಿತು. 1903 ರಲ್ಲಿ ಇಂಗ್ಲೆಂಡಿಗೆ ವಾಪಸ್ ಬಂದು ವೈ ಎಂಬ ಊರಿನ ಕೃಷಿ ಕಾಲೇಜಿನಲ್ಲಿ ಎರಡು ವರ್ಷ ಕೆಲಸ ಮಾಡಿದರು. ಆಮೇಲೆ ಹಿಂದುಸ್ತಾನದ ಕರೆ ಬಂತು.

ಪೂಸಾದ 75 ಎಕರೆ

ಬಿಹಾರದ ಪೂಸಾ ಎಂಬ ಊರಲ್ಲಿ ಆಗಷ್ಟೇ ಸರ್ಕಾರದ ಕೃಷಿ ಸಂಶೋಧನಾ ಸಂಸ್ಥೆ ಶುರುವಾಗಿತ್ತು. ಈಗ ದಿಲ್ಲಿಯಲ್ಲಿರುವ ಪೂಸಾ ಸಂಸ್ಥೆ ಇದೇ. 1934 ರ ಭೂಕಂಪದಲ್ಲಿ ಬಿಹಾರದ ಕಟ್ಟಡ ಬಿದ್ದ ಮೇಲೆ ದಿಲ್ಲಿಗೆ ಹೋಯಿತು, ಹೆಸರು ಮಾತ್ರ ಉಳಿಯಿತು. 1905 ರಲ್ಲಿ ಹೋವರ್ಡ್ ಅಲ್ಲಿಗೆ ಸಸ್ಯಶಾಸ್ತ್ರಜ್ಞರಾಗಿ ಬಂದರು. ಅದೇ ವರ್ಷ ಮುಂಬಯಿಯಲ್ಲಿ ಗೇಬ್ರಿಯಲ್ ಮ್ಯಾಥೈ ಎಂಬ ವಿದ್ಯಾವಂತ ಹೆಣ್ಣುಮಗಳ ಜೊತೆ ಅವರ ಮದುವೆ ಆಯಿತು. ಆಕೆಯೂ ಕೇಂಬ್ರಿಜ್‌ನಲ್ಲಿ ಓದಿದ ದೊಡ್ಡ ಸಸ್ಯ ವಿಜ್ಞಾನಿ. ಮುಂದಿನ 25 ವರ್ಷ ಗಂಡ ಹೆಂಡತಿ ಸೇರಿಯೇ ಹೊಲದಲ್ಲಿ ಕೆಲಸ ಮಾಡಿದರು, ಸೇರಿಯೇ ಬರೆದರು. ನಮ್ಮ ಮನೆಗಳಲ್ಲಿ ದನದ ಚಾಕರಿ, ಹಾಲು ಕರೆಯೋದು, ಹೆಂಡಿ ಬಳಿಯೋದು ಎಲ್ಲ ಹೆಣ್ಣುಮಕ್ಕಳದು, ಆದರೆ ಪಾಸ್‌ಬುಕ್ಕಿನಲ್ಲಿ ಹೆಸರು ಗಂಡಸಿನದು. ಆ ಲೆಕ್ಕದಲ್ಲಿ ನೋಡಿದರೆ ಗೇಬ್ರಿಯಲ್ ಅವರ ಹೆಸರನ್ನು ಬಿಟ್ಟು ಈ ಕಥೆ ಹೇಳಬಾರದು.

ಪೂಸಾದಲ್ಲಿ ಹೋವರ್ಡ್ ಹಟ ಹಿಡಿದು 75 ಎಕರೆ ಭೂಮಿ ತೆಗೆದುಕೊಂಡರು. ತೆಗೆದುಕೊಂಡು ಏನು ಮಾಡಿದರು? ಸುತ್ತಲಿನ ಹಳ್ಳಿಯ ರೈತರು ಏನು ಮಾಡುತ್ತಾರೆ ಎಂದು ನೋಡಿದರು. ಆ ರೈತರು ವಿಷದ ಔಷಧ ಹೊಡೆಯುತ್ತಿರಲಿಲ್ಲ, ಅಂಗಡಿ ಗೊಬ್ಬರ ಹಾಕುತ್ತಿರಲಿಲ್ಲ, ಆದರೂ ಅವರ ಬೆಳೆಗೆ ರೋಗ ಕಡಿಮೆ ಇತ್ತು. ಇದು ಹೇಗೆ ಎಂದು ಸಾಹೇಬರಿಗೆ ಅಚ್ಚರಿ. ಅಷ್ಟು ಓದಿದ ಮನುಷ್ಯ ನಮ್ಮ ದೇಶದ ಅಕ್ಷರ ಬಾರದ ರೈತರನ್ನು ಗುರುಗಳು ಎಂದು ಒಪ್ಪಿಕೊಂಡರು. ಹುಳ ರೋಗಗಳನ್ನೂ ಅವರು ಶತ್ರು ಎಂದು ನೋಡಲಿಲ್ಲ. ಬೆಳೆಗೆ ಹುಳ ಬಿದ್ದರೆ ಭೂಮಿಯಲ್ಲೋ, ತಳಿಯಲ್ಲೋ, ನಮ್ಮ ಕೆಲಸದಲ್ಲೋ ತಪ್ಪಿದೆ ಎಂದು ಅದು ಎಚ್ಚರಿಸುತ್ತಿದೆ ಎಂದು ತಿಳಿದರು. ಐದು ವರ್ಷ ಹೀಗೆ ಕಲಿತ ಮೇಲೆ ಅವರ ಹೊಲದಲ್ಲೂ ಆರೋಗ್ಯದ ಬೆಳೆ ನಿಂತಿತು.

ಗಂಡ ಹೆಂಡತಿ ಸೇರಿ ಗೋದಿ ತಳಿಗಳ ಮೇಲೆ ಬಹಳ ಕೆಲಸ ಮಾಡಿದರು. ಪೂಸಾ 4, ಪೂಸಾ 12 ಎಂಬ ಅವರ ಗೋದಿ ತಳಿಗಳು ದೇಶದಲ್ಲೆಲ್ಲ ಹರಡಿದವು. ಆದರೆ ನಮಗೆ ಅದಕ್ಕಿಂತ ಹತ್ತಿರದ್ದು ಇನ್ನೊಂದು ಮಾತಿದೆ. ಬೇರಿಗೆ ನೀರು ಬೇಕಾದಷ್ಟೇ ಗಾಳಿಯೂ ಬೇಕು ಎಂಬುದನ್ನು ಅವರು ಬಹಳ ಒತ್ತಿ ಹೇಳಿದರು. ಮಳೆಗಾಲದಲ್ಲಿ ಹೊಲದಲ್ಲಿ ನೀರು ನಿಂತರೆ ಬೇರು ಉಸಿರು ಕಟ್ಟುತ್ತದೆ, ನೀರನ್ನು ಮೆಲ್ಲಗೆ ಬಸಿದು ಹೊರಗೆ ಹಾಕಬೇಕು, ಮಣ್ಣು ಕೊಚ್ಚಿ ಹೋಗಬಾರದು ಎಂದು ತೋರಿಸಿ ಕಾಲುವೆ ತೆಗೆಸಿದರು. ಗೋವಿನಜೋಳ ಬೆಳೆಯುವ ನಮಗೆ ಇದು ಅನುಭವದ ಮಾತು. ನಾನು ಒಂದು ವರ್ಷ ತಗ್ಗಿನ ಗದ್ದೆಯಲ್ಲಿ ಗೋವಿನಜೋಳ ಬಿತ್ತಿದೆ. ಮೊಣಕಾಲುದ್ದ ಇದ್ದಾಗ ಮೂರು ದಿನ ನೀರು ನಿಂತಿತು. ಎಲೆಯೆಲ್ಲ ಹಳದಿ. ನಾನು ಗೊಬ್ಬರ ಕಡಿಮೆ ಬಿತ್ತು ಎಂದು ಮತ್ತೊಂದು ಚೀಲ ಯೂರಿಯಾ ಚೆಲ್ಲಿದೆ. ನೀರಿನ ಜೊತೆ ಅದೂ ಹೋಯಿತು, ಬೆಳೆಯೂ ಹೋಯಿತು. ಎರಡು ಮಾರಿಗೊಂದು ಬಸಿಗಾಲುವೆ ತೆಗೆದಿದ್ದರೆ ಸಾಕಿತ್ತು.

ಎತ್ತುಗಳ ಕಥೆ

ಇನ್ನು ಹೋವರ್ಡ್ ಅವರ ಜೀವನದಲ್ಲಿ ಎಲ್ಲರೂ ಹೇಳುವ ಸಂಗತಿ ಅವರ ಎತ್ತುಗಳದು. ಪೂಸಾದಲ್ಲಿ ಅವರ ಹೊಲದ ಕೆಲಸಕ್ಕೆ ಆರು ಜೋಡಿ ಎತ್ತು ಇದ್ದವು. ಅವನ್ನು ಸಾಕುವ ಪೂರ್ತಿ ಜವಾಬ್ದಾರಿ ತಮಗೇ ಕೊಡಬೇಕೆಂದು ಅವರು ಮೇಲಿನವರನ್ನು ಕಾಡಿ ಬೇಡಿ ಪಡೆದರು. ಗೊಬ್ಬರ ಕಂಡ ಭೂಮಿಯಲ್ಲಿ ಬೆಳೆದ ಹಸಿ ಮೇವು, ಒಣ ಮೇವು, ಕಾಳು ಹಾಕಿ, ಸ್ವಚ್ಛ ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದರು. ಪಕ್ಕದ ಬೇಲಿಯ ಆಚೆ ಬೇರೆಯವರ ದನಗಳಿಗೆ ಕಾಲುಬಾಯಿ ಬೇನೆ ಬಂದಿತ್ತು. ಹೋವರ್ಡ್ ಅವರ ಎತ್ತುಗಳು ಬೇಲಿ ಮೇಲಿಂದ ಆ ದನಗಳ ಮೂತಿಗೆ ಮೂತಿ ಉಜ್ಜಿದವು. ಆದರೂ ಅವಕ್ಕೆ ಬೇನೆ ಬರಲಿಲ್ಲ. ಇದು ಒಂದು ಸಲವಲ್ಲ, ಹಲವು ಸಲ ಕಂಡರು. ಚೆನ್ನಾದ ಮಣ್ಣು, ಅದರಿಂದ ಚೆನ್ನಾದ ಮೇವು, ಅದರಿಂದ ಗಟ್ಟಿ ದನ, ಅದನ್ನು ತಿಂದುಂಡ ಗಟ್ಟಿ ಮನುಷ್ಯ, ಇವೆಲ್ಲ ಒಂದೇ ಸರಪಳಿ ಎಂಬ ನಂಬಿಕೆ ಅವರಿಗೆ ಇಲ್ಲಿಂದ ಬಂತು.

ಇಲ್ಲಿ ಸಂಘದ ಸದಸ್ಯರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹೋವರ್ಡ್ ಕಂಡದ್ದನ್ನು ಕಂಡ ಹಾಗೆ ಬರೆದರು. ಆದರೆ ಕಾಲುಬಾಯಿ ಬೇನೆ ವೈರಸ್ಸಿನಿಂದ ಬರುವ ಅಂಟುರೋಗ. ಒಳ್ಳೆಯ ಮೇವು ಹಾಕಿದರೆ ಸಾಕು, ಲಸಿಕೆ ಬೇಡ ಎಂದು ಯಾರೂ ತಿಳಿಯಬಾರದು. ವರ್ಷಕ್ಕೆ ಎರಡು ಸಲ ಲಸಿಕೆ ಹಾಕಿಸಲೇಬೇಕು. 2022 ರಲ್ಲಿ ಚರ್ಮಗಂಟು ರೋಗ ಬಂದಾಗ ರಾಜ್ಯದಲ್ಲಿ ಎಷ್ಟು ದನ ಸತ್ತವು, ಎಷ್ಟು ಮನೆಯ ಹಾಲು ನಿಂತಿತು ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸಾವಯವ ಎಂದರೆ ಲಸಿಕೆ ಬಿಡುವುದಲ್ಲ. ಮೇವೂ ಬೇಕು, ಲಸಿಕೆಯೂ ಬೇಕು.

ಇಂದೂರಿನ ಗೊಬ್ಬರ ಗುಂಡಿ

ಪೂಸಾದಲ್ಲಿ ಅವರಿಗೆ ಪೂರ್ತಿ ಸಮಾಧಾನ ಸಿಗಲಿಲ್ಲ. ಅಲ್ಲಿ ಮಣ್ಣಿಗೆ ಒಬ್ಬ ಅಧಿಕಾರಿ, ಹುಳಕ್ಕೆ ಒಬ್ಬ, ರೋಗಕ್ಕೆ ಒಬ್ಬ, ದನಕ್ಕೆ ಮತ್ತೊಬ್ಬ. ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹೋಗುವಂತಿಲ್ಲ. ರೈತನ ಹೊಲದಲ್ಲಿ ಮಾತ್ರ ಇವೆಲ್ಲ ಒಟ್ಟಿಗೇ ಇರುತ್ತವೆ. ಇದನ್ನು ಬಿಟ್ಟು ಹೊರಬಂದು 1924 ರಲ್ಲಿ ಮಧ್ಯ ಭಾರತದ ಇಂದೂರಿನಲ್ಲಿ ಹೊಸ ಸಂಸ್ಥೆ ಕಟ್ಟಿದರು. ಹೋಳ್ಕರ ಸಂಸ್ಥಾನದಿಂದ 300 ಎಕರೆ ಭೂಮಿ ಸಿಕ್ಕಿತು. ಹತ್ತಿ ಸಮಿತಿಯವರೂ ಸುತ್ತಲಿನ ಸಂಸ್ಥಾನಗಳೂ ಹಣ ಕೊಟ್ಟವು. ಅಲ್ಲಿ ಕೆಲಸದ ಆಳುಗಳಿಗೆ ವೇಳೆಗೆ ಸರಿಯಾಗಿ ಪಗಾರ, ಇರಲು ಮನೆ, ಕಾಯಿಲೆಗೆ ಔಷಧ ಇವುಗಳ ವ್ಯವಸ್ಥೆ ಮಾಡಿದ್ದು ಅವರ ಇನ್ನೊಂದು ದೊಡ್ಡ ಗುಣ.

ಇಂದೂರಿನಲ್ಲಿ ಅವರಿಗೆ ಎದುರಾದ ಪ್ರಶ್ನೆ ನಮ್ಮದೇ ಪ್ರಶ್ನೆ. ಹೊಲಕ್ಕೆ ಗೊಬ್ಬರ ಸಾಲದು. ಹೆಂಡಿಯ ಬಹು ಪಾಲು ಕುಳ್ಳು ಬಡಿದು ಒಲೆಗೆ ಹೋಗುತ್ತದೆ. ಇತ್ತ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕಸ ಕಡ್ಡಿ ಹೊಲದಲ್ಲಿ ಬಿದ್ದು ಹಾಳಾಗುತ್ತದೆ. ಚೀನಾ ದೇಶದ ರೈತರು ಏನನ್ನೂ ಬಿಸಾಡದೆ ಎಲ್ಲವನ್ನೂ ಕೊಳೆಸಿ ಭೂಮಿಗೆ ಹಾಕಿ ನಾಲ್ಕು ಸಾವಿರ ವರ್ಷ ಭೂಮಿ ಕೆಡದಂತೆ ಕಾಪಾಡಿದ್ದಾರೆ ಎಂದು ಕಿಂಗ್ ಎಂಬ ಅಮೆರಿಕದ ಪಂಡಿತರು 1911 ರಲ್ಲಿ ಬಂದ ಪುಸ್ತಕದಲ್ಲಿ ಬರೆದಿದ್ದರು. ಅದನ್ನು ಓದಿದ ಹೋವರ್ಡ್, ಯಶವಂತ ವಾಡ್ ಎಂಬ ನಮ್ಮ ದೇಶದ ಸಹಾಯಕರ ಜೊತೆ ಸೇರಿ, ಹೊಲದ ಕಸವನ್ನೂ ಕೊಟ್ಟಿಗೆಯ ಹೆಂಡಿಯನ್ನೂ ಕೂಡಿಸಿ ಗೊಬ್ಬರ ಮಾಡುವ ಕ್ರಮವನ್ನು ಹಂತ ಹಂತವಾಗಿ ಪರೀಕ್ಷೆ ಮಾಡಿದರು. ಇದೇ ಮುಂದೆ ಇಂದೂರು ಪದ್ಧತಿ ಎಂದು ಲೋಕಪ್ರಸಿದ್ಧ ಆಯಿತು.

ಪದ್ಧತಿ ಹೀಗಿದೆ. ಗಟ್ಟಿ ದಂಟು ಕಟ್ಟಿಗೆಗಳನ್ನು ದಾರಿಯ ಮೇಲೆ ಹಾಸಿದರು. ಚಕ್ಕಡಿ ಗಾಲಿಯೂ ದನದ ಕಾಲೂ ತುಳಿದು ಅದನ್ನು ಪುಡಿ ಮಾಡಿದವು. ಖರ್ಚೇ ಇಲ್ಲದ ಯಂತ್ರ! ಆ ಪುಡಿಯನ್ನು ದನದ ಕಾಲ ಕೆಳಗೆ ಹಾಸಿಗೆ ಮಾಡಿ ಹರಡಿದರು. ಗಂಜಲ ಕುಡಿದ ಆ ಹಾಸಿಗೆ, ಹೆಂಡಿ, ಕೊಟ್ಟಿಗೆಯ ನೆಲದ ಗಂಜಲ ಹೀರಿದ ಮಣ್ಣು, ಒಲೆ ಬೂದಿ, ಇವುಗಳನ್ನು ಪದರು ಪದರಾಗಿ ಗುಂಡಿಗೆ ತುಂಬಿದರು. ಗುಂಡಿ 30 ಅಡಿ ಉದ್ದ, 14 ಅಡಿ ಅಗಲ, ಆಳ ಮಾತ್ರ 2 ರಿಂದ 3 ಅಡಿ. ಇನ್ನೂ ಆಳ ಮಾಡಿದರೆ ಒಳಗೆ ಗಾಳಿ ಆಡುವುದಿಲ್ಲ, ಕೊಳೆಯದೆ ನಾರುತ್ತದೆ. ಹಿಂಡಿದರೆ ಹನಿ ಬೀಳದಷ್ಟು, ಆದರೆ ಕೈಗೆ ತಂಪು ಹತ್ತುವಷ್ಟು ನೀರು ಚಿಮುಕಿಸಬೇಕು. ಕೆಲವೇ ದಿನದಲ್ಲಿ ಒಳಗೆ ಕೈ ಇಡಲಾಗದಷ್ಟು ಕಾವು ಏರುತ್ತದೆ. ಆ ಕಾವಿಗೆ ಕಳೆ ಬೀಜವೂ ರೋಗದ ಬೀಜವೂ ಬಹುಮಟ್ಟಿಗೆ ಸಾಯುತ್ತವೆ. ನಡುವೆ ಎರಡು ಮೂರು ಸಲ ತಿರುವಿ ಹಾಕಬೇಕು. ಸುಮಾರು ಮೂರು ತಿಂಗಳಿಗೆ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧ. ಮಳೆಗಾಲದಲ್ಲಿ ಗುಂಡಿ ಬೇಡ, ನೆಲದ ಮೇಲೆ ಕುಪ್ಪೆ ಹಾಕಬೇಕು ಎಂದೂ ಅವರೇ ಹೇಳಿದ್ದಾರೆ. ನಾನು ಮೊದಲ ಸಲ ಇದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳದೆ ಆಷಾಢದಲ್ಲಿ ಗುಂಡಿ ತುಂಬಿ, ನೀರು ನಿಂತು, ಮನೆಮಂದಿಯಿಂದ ಬೈಸಿಕೊಂಡಿದ್ದು ಬೇರೆ ಮಾತು.

1930 ರಲ್ಲಿ ಗೇಬ್ರಿಯಲ್ ಅವರು ತೀರಿಕೊಂಡರು. 25 ವರ್ಷ ಜೊತೆಗೆ ದುಡಿದ ಜೀವ ಹೋದ ಮೇಲೆ ಹೋವರ್ಡ್ ಅವರಿಗೆ ಇಂದೂರಿನಲ್ಲಿ ಇರಲು ಮನಸ್ಸಾಗಲಿಲ್ಲ. 1931 ರಲ್ಲಿ ನೌಕರಿ ಬಿಟ್ಟು ಇಂಗ್ಲೆಂಡಿಗೆ ಹೋದರು. ಅದೇ ವರ್ಷ ವಾಡ್ ಅವರ ಜೊತೆ ಬರೆದ ಗೊಬ್ಬರದ ಪುಸ್ತಕ ಹೊರಬಂತು. ಮುಂದೆ ಗೇಬ್ರಿಯಲ್ ಅವರ ತಂಗಿ ಲೂಯಿಸ್ ಅವರನ್ನು ಮದುವೆ ಆದರು. ಅವರೂ ಗಂಡನ ಕೆಲಸಕ್ಕೆ ಕೊನೆತನಕ ಆಸರೆಯಾಗಿ ನಿಂತು, ಅವರು ಹೋದ ಮೇಲೆ 1953 ರಲ್ಲಿ ಅವರ ಹಿಂದುಸ್ತಾನದ ಕೆಲಸದ ಬಗ್ಗೆ ಪುಸ್ತಕ ಬರೆದರು.

ಜಗತ್ತಿಗೆ ಹರಡಿದ ಮಾತು

1934 ರಲ್ಲಿ ಸರ್ಕಾರ ಅವರಿಗೆ ಸರ್ ಪದವಿ ಕೊಟ್ಟಿತು. 1935 ರಲ್ಲಿ ಮಹಾತ್ಮಾ ಗಾಂಧೀಜಿಯವರು ಇಂದೂರಿನ ಆ ಸಂಸ್ಥೆಗೆ ಹೋಗಿ ಗೊಬ್ಬರ ಮಾಡುವುದನ್ನು ನೋಡಿ ಬಂದರು, ತಮ್ಮ ಹರಿಜನ ಪತ್ರಿಕೆಯಲ್ಲೂ ಅದರ ವಿಷಯ ಪ್ರಕಟಿಸಿದರು. ಆ ಜಾಗದಲ್ಲಿ ಈಗ ಕೃಷಿ ಕಾಲೇಜು ಇದೆ. ಆಫ್ರಿಕಾದ ಕಾಫಿ ತೋಟ, ನಮ್ಮ ದೇಶದ ಚಹಾ ತೋಟಗಳಿಗೂ ಇಂದೂರು ಪದ್ಧತಿ ಹೋಯಿತು. ನಮ್ಮ ಕರ್ನಾಟಕಕ್ಕೂ ಇದರ ನಂಟಿದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ.ಎನ್. ಆಚಾರ್ಯ ಅವರು 1939 ರಲ್ಲಿ ತಿರುವಿ ಹಾಕುವ ಕೆಲಸ ಇಲ್ಲದಂತೆ ಇನ್ನೊಂದು ಕ್ರಮ ಮಾಡಿದರು. ಅದಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು. ಗುಂಡಿ ತುಂಬಿ ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಗೊಬ್ಬರ ಆಗಲು ತಿಂಗಳು ಹೆಚ್ಚು ಬೇಕು, ಆದರೆ ಆಳು ಕಡಿಮೆ ಸಾಕು. ಆಳು ಸಿಗದ ಈ ಕಾಲಕ್ಕೆ ಇದೂ ಉಪಯೋಗವೇ.

1940 ರಲ್ಲಿ ಹೋವರ್ಡ್ ಅವರ ಮುಖ್ಯ ಪುಸ್ತಕ ಬಂತು. ಕಾಡನ್ನು ನೋಡಿ ಕಲಿಯಿರಿ ಎಂಬುದು ಅದರ ತಿರುಳು. ಕಾಡಿಗೆ ಯಾರೂ ಗೊಬ್ಬರ ಹಾಕುವುದಿಲ್ಲ. ಎಲೆ ಉದುರುತ್ತದೆ, ಪ್ರಾಣಿ ಲದ್ದಿ ಹಾಕುತ್ತದೆ, ಎರಡೂ ಕೂಡಿ ಕೊಳೆತು ಮಣ್ಣಾಗುತ್ತದೆ. ನೆಲ ಯಾವಾಗಲೂ ಮುಚ್ಚಿರುತ್ತದೆ. ಒಂದೇ ಜಾತಿಯ ಗಿಡ ಇರುವುದಿಲ್ಲ, ಹತ್ತಾರು ಜಾತಿ ಸೇರಿರುತ್ತವೆ. ಜೋಯಿಡಾ ಕಡೆಯವರಿಗೆ ಇದನ್ನು ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ದರಕು ಸೊಪ್ಪು ತಂದು ದನದ ಕಾಲ ಕೆಳಗೆ ಹಾಸಿ ಗೊಬ್ಬರ ಮಾಡುವುದು ಅವರ ಅಜ್ಜ ಮುತ್ತಜ್ಜನ ಕಾಲದ ಪದ್ಧತಿ.

ಹೋವರ್ಡ್ ಅವರನ್ನು ಎಲ್ಲರೂ ಒಪ್ಪಲಿಲ್ಲ. ರಾಸಾಯನಿಕ ಗೊಬ್ಬರದ ಪಂಡಿತರನ್ನು ಅವರು ಬಹಳ ಕಟುವಾಗಿ ಟೀಕೆ ಮಾಡಿದರು, ಆ ಪಂಡಿತರೂ ಇವರನ್ನು ಬಿಡಲಿಲ್ಲ. ಇವರು ಹೇಳಿದ್ದರಲ್ಲಿ ಎಲ್ಲವೂ ಪರೀಕ್ಷೆಯಲ್ಲಿ ನಿಂತಿಲ್ಲ ಎಂಬುದೂ ನಿಜ. ಆದರೆ ಮಣ್ಣಿಗೆ ಸಾವಯವ ಅಂಶ ಬೇಕೇ ಬೇಕು ಎಂಬ ಮೂಲ ಮಾತನ್ನು ಇಂದು ಯಾವ ವಿಶ್ವವಿದ್ಯಾಲಯವೂ ಅಲ್ಲಗಳೆಯುವುದಿಲ್ಲ. 1947 ರ ಅಕ್ಟೋಬರ್ 20 ರಂದು, ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಎರಡೇ ತಿಂಗಳಿಗೆ, ತಮ್ಮ 73 ನೇ ವಯಸ್ಸಿನಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು.

ನಮ್ಮ ಗೋವಿನಜೋಳಕ್ಕೆ ಈ ಪಾಠ

ಜೀವನ ಚರಿತ್ರೆ ಇಲ್ಲಿಗೆ ಮುಗಿಯಿತು. ಆದರೆ ಓದಿ ಕೈ ಮುಗಿದು ಸುಮ್ಮನಾದರೆ ಏನು ಬಂತು? ಹಳಿಯಾಳ, ಮುಂಡಗೋಡ ತಾಲೂಕಿನಲ್ಲಿ ಈಗ ಎತ್ತ ನೋಡಿದರೂ ಗೋವಿನಜೋಳ. 1966 ರಿಂದ ಮುಂಡಗೋಡದಲ್ಲಿ ನೆಲೆಸಿದ ಟಿಬೆಟಿನ ಜನರೂ ಇದನ್ನು ಬೆಳೆದವರೇ. ಗೋವೆಯ ಕಡೆಯಿಂದ ಬಂದದ್ದಕ್ಕೆ ಈ ಹೆಸರೋ, ಗೋವಿಗೆ ಹಾಕಿದ್ದಕ್ಕೆ ಈ ಹೆಸರೋ ಪಂಡಿತರು ಹೇಳಲಿ. ನಾವು ಮಾತ್ರ ಗೋವನ್ನು ಬಿಟ್ಟೆವು, ಜೋಳ ಇಟ್ಟುಕೊಂಡೆವು. ಟ್ರ್ಯಾಕ್ಟರ್ ಬಂತು, ಎತ್ತು ಹೋದವು. ಗೊಬ್ಬರ ಬೇಕಾದರೆ ಗೌಳಿ ಬಾಂಧವರ ದೊಡ್ಡಿಗೆ ಹೋಗಿ ಟ್ರೈಲರ್ ಲೆಕ್ಕದಲ್ಲಿ ಕೊಳ್ಳುವ ಕಾಲ ಬಂದಿದೆ. ಅವರು ಎಮ್ಮೆ ದನ ಬಿಟ್ಟಿಲ್ಲ, ಅದಕ್ಕೇ ಅವರ ದೊಡ್ಡಿಯಲ್ಲಿ ಗೊಬ್ಬರ ಇದೆ.

ಸ್ವಲ್ಪ ಲೆಕ್ಕ ಹಾಕೋಣ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 5 ಕಿಲೋ. ಎಕರೆಗೆ 4 ಟನ್ ಗೊಬ್ಬರ ಹಾಕಿದರೆ ಕಾಗದದ ಮೇಲೆ ಒಂದು ಚೀಲಕ್ಕೆ ಸಮ. ಆದರೆ ಗೊಬ್ಬರದ ಸಾರ ಒಂದೇ ವರ್ಷಕ್ಕೆ ಬಿಡುಗಡೆ ಆಗುವುದಿಲ್ಲ, ಎರಡು ಮೂರು ವರ್ಷ ಬರುತ್ತದೆ. ಜೊತೆಗೆ ನೀರು ಹಿಡಿಯುವ ಶಕ್ತಿ, ಎರೆಹುಳ, ಮೆತ್ತನೆ ಮಣ್ಣು ಇವು ಚೀಲದಲ್ಲಿ ಬರುವುದಿಲ್ಲ. ಗೋವಿನಜೋಳ ಬಹಳ ತಿನ್ನುವ ಬೆಳೆ. ಆದ್ದರಿಂದ ಇವತ್ತು ಯೂರಿಯಾ ನಿಲ್ಲಿಸಿ ನಾಳೆ ಅಷ್ಟೇ ಇಳುವರಿ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಮೊದಲ ಎರಡು ಮೂರು ವರ್ಷ ಇಳುವರಿ ಇಳಿಯಬಹುದು. ಹೊಲದ ಒಂದು ಮೂಲೆಯಿಂದ ಶುರು ಮಾಡಬೇಕು.

ನಾಲ್ಕು ದನ ಇರುವ ಮನೆಯಲ್ಲಿ ದನಕ್ಕೆ ದಿನಕ್ಕೆ 10 ಕಿಲೋ ಹೆಂಡಿ ಹಿಡಿದರೂ ವರ್ಷಕ್ಕೆ 14 ಟನ್ನಿನ ಮೇಲೆ ಹಸಿ ಹೆಂಡಿ ಆಯಿತು. ಗಂಜಲವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ, ಗಟಾರಕ್ಕೆ ಬಿಡುತ್ತೇವೆ. ದನ ಹೊರಗೆ ಹಾಕುವ ಸಾರಜನಕದಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ಗಂಜಲದಲ್ಲೇ ಇರುತ್ತದೆ. ಸುಡುವ ಸೊಪ್ಪೆಯನ್ನು ಕತ್ತರಿಸಿ ಕೊಟ್ಟಿಗೆಯಲ್ಲಿ ಹಾಸಿದರೆ ಆ ಗಂಜಲವೆಲ್ಲ ಅದರಲ್ಲಿ ಉಳಿಯುತ್ತದೆ. ಹೋವರ್ಡ್ ಸಾಹೇಬರು ಹೇಳಿದ್ದು ಇಷ್ಟೇ.

ಬಿತ್ತುವಾಗ ಸಾಲಿನಿಂದ ಸಾಲಿಗೆ ಎರಡು ಅಡಿ, ಎಕರೆಗೆ 8 ಕಿಲೋ ಬೀಜ. ನಡುವೆ ಅಲಸಂದಿ ಅಥವಾ ತೊಗರಿ ಸಾಲು ಬಿಟ್ಟರೆ ದ್ವಿದಳದ ಬೇರು ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ. ಎಡೆಕುಂಟೆ ಎರಡು ಸಲ ಹೊಡೆದರೆ ಕಳೆಯೂ ಹೋಗುತ್ತದೆ, ಬೇರಿಗೆ ಗಾಳಿಯೂ ಸಿಗುತ್ತದೆ. 2018 ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಸೈನಿಕ ಹುಳುವಿಗೆ ಮೊದಲ ಒಂದು ತಿಂಗಳು ದಿನಾ ಹೊಲ ಸುತ್ತಿ ಸುಳಿ ನೋಡುವುದೇ ದೊಡ್ಡ ಔಷಧ. ಮೊಟ್ಟೆಯ ಗುಂಪು ಕಂಡರೆ ಹೊಸಕಬೇಕು, ಮೋಹಕ ಬಲೆ ಕಟ್ಟಬೇಕು, ಹುಳು ಸಣ್ಣದಿದ್ದಾಗಲೇ ಹುಳುವಿಗೆ ರೋಗ ತರುವ ಶಿಲೀಂಧ್ರದ ಪುಡಿಯನ್ನು ನೀರಲ್ಲಿ ಕಲಸಿ ಸುಳಿಗೆ ಸಿಂಪಡಿಸಬೇಕು.

ಕಟಾವಿನ ವಿಷಯದಲ್ಲಿ ಹಾಲಿನ ದನ ಇರುವವರು ಹೊಲವನ್ನು ಎರಡು ಭಾಗ ಮಾಡಿಕೊಳ್ಳುವುದು ಒಳ್ಳೆಯದು. ಒಂದು ಭಾಗ ರಸಮೇವಿಗೆ. ಕಾಳು ಹಾಲು ತುಂಬಿ ಅರ್ಧ ಗಟ್ಟಿಯಾದಾಗ, ಸುಮಾರು 80 ರಿಂದ 90 ದಿನಕ್ಕೆ, ಗಿಡ ಹಸಿರಾಗಿರುವಾಗಲೇ ತೆನೆ ಸಮೇತ ಕೊಯ್ದು, ಒಂದು ಇಂಚಿನೊಳಗೆ ಕತ್ತರಿಸಿ, ಗುಂಡಿಗೋ ಚೀಲಕ್ಕೋ ಹಾಕಿ ಗಾಳಿ ಉಳಿಯದಂತೆ ತುಳಿದು ಮುಚ್ಚಬೇಕು. 45 ದಿನ ಬಿಟ್ಟು ತೆಗೆದರೆ ಹುಳಿ ಸಿಹಿ ವಾಸನೆ ಬರುತ್ತದೆ, ದನ ಬಿಡದೆ ತಿನ್ನುತ್ತವೆ. ಬೇಸಿಗೆಯಲ್ಲಿ ಹಸಿ ಮೇವು ಇಲ್ಲದಾಗ ಹಾಲು ಇಳಿಯುವುದನ್ನು ಇದು ತಡೆಯುತ್ತದೆ.

ಇನ್ನೊಂದು ಭಾಗ ಕಾಳಿಗೆ. ತೆನೆಯ ಸಿಪ್ಪೆ ಒಣಗಿ, ಕಾಳು ಬಿಡಿಸಿ ನೋಡಿದರೆ ಬುಡದಲ್ಲಿ ಕಪ್ಪು ಚುಕ್ಕೆ ಕಂಡರೆ ಬಲಿತಿದೆ ಎಂದು ಅರ್ಥ. ಅಕ್ಟೋಬರ್ ಮಳೆಗೆ ಹೆದರಿ ಹಸಿ ತೆನೆ ರಾಶಿ ಹಾಕಬೇಡಿ. ತೇವ ನೂರಕ್ಕೆ 14 ಕ್ಕಿಂತ ಕೆಳಗೆ ಬರುವ ತನಕ ಒಣಗಿಸಬೇಕು. ಬೂಷ್ಟು ಹಿಡಿದ ಕಾಳು ಮಾರಾಟಕ್ಕೆ ಬಾರದು ಎಂದು ದನಕ್ಕೆ ಹಾಕುವವರು ಇದ್ದಾರೆ. ಆ ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ. ದಾಂಡೇಲಿ ಪೇಟೆಯ ಗಿರಾಕಿಯ ಮಗು ಮಾತ್ರವಲ್ಲ, ನಮ್ಮ ಮನೆಯ ಮಗುವೂ ಅದೇ ಹಾಲು ಕುಡಿಯುತ್ತದೆ ಎಂಬುದನ್ನು ಮರೆಯಬಾರದು.

ಸಂಘಕ್ಕೆ ಒಂದು ವಿನಂತಿ

ನಮ್ಮ ಸಂಘ 25 ವರ್ಷ ಗೊಬ್ಬರದ ಚೀಲ ಮಾರಿದೆ. ಸದಸ್ಯರಿಗೆ ಬೇಕಾದದ್ದನ್ನು ವೇಳೆಗೆ ಸರಿಯಾಗಿ ತಂದು ಕೊಡುವುದು ಸಂಘದ ಧರ್ಮ, ಅದರಲ್ಲಿ ತಪ್ಪಿಲ್ಲ. ನಾನೂ ಒಬ್ಬ ನಿರ್ದೇಶಕ, ಆ ನಿರ್ಣಯಗಳಿಗೆ ಸಹಿ ಹಾಕಿದವನೇ. ಆದರೆ ಮುಂದಿನ 25 ವರ್ಷಕ್ಕೆ ಚೀಲದ ಲೆಕ್ಕದ ಜೊತೆಗೆ ತಿಪ್ಪೆಯ ಲೆಕ್ಕವನ್ನೂ ಇಡೋಣ. ಸೊಪ್ಪೆ ಕತ್ತರಿಸುವ ಒಂದು ಯಂತ್ರವನ್ನು ಸಂಘದಿಂದ ಕೊಂಡು ಬಾಡಿಗೆಗೆ ಕೊಡಬಹುದು. ಆಗ ಸುಡುವ ಕಾರಣವೇ ಇರುವುದಿಲ್ಲ. ಆಕಳು ಕೊಳ್ಳಲು ಸಾಲ ಕೊಡುವಾಗ ಗೊಬ್ಬರ ಗುಂಡಿಗೂ ನಾಲ್ಕು ಕಾಸು ಸೇರಿಸಬಹುದು. ಇದನ್ನು ಬರುವ ಸರ್ವ ಸಾಧಾರಣ ಸಭೆಯಲ್ಲಿ ಇಡಬೇಕೆಂದಿದ್ದೇನೆ. ಬೇಡ ಎನ್ನುವವರೂ ಬಂದು ಹೇಳಲಿ, ಚರ್ಚೆ ಆಗಲಿ.

ಏಳು ಸಮುದ್ರದಾಚೆಯಿಂದ ಬಂದ ಒಬ್ಬ ಮನುಷ್ಯ ನಮ್ಮ ದೇಶದ ರೈತನ ತಿಪ್ಪೆಯ ಮುಂದೆ ನಿಂತು ಪಾಠ ಕಲಿತ, ಅದನ್ನು ಜಗತ್ತಿಗೆ ಕಲಿಸಿದ. ಆ ತಿಪ್ಪೆ ಈಗ ನಮ್ಮ ಹಿತ್ತಲಲ್ಲಿ ಉಳಿದಿದೆಯೇ ಎಂದು ಮನೆಗೆ ಹೋಗಿ ಒಮ್ಮೆ ನೋಡಿಕೊಳ್ಳೋಣ.